ಷರಾ

ಚೌಬಾರಾದ ಹಿಂದಿನ ಗಲ್ಲಿಗೆ
ವಾರಕ್ಕೆರಡು ಸಲ ನನ್ನ ಸ್ಕೂಟಿ.
ಚೀಲದಲ್ಲಿ ಡಬ್ಬಿಗಳು, ಎಲ್ಲ ಒಂದೇ ಬಣ್ಣ, ಒಂದೇ ತೂಕ.
ಅರ್ಧದಲ್ಲಿ ವಿಟಮಿನ್ ಸಿ,
ಇನ್ನರ್ಧದಲ್ಲಿ ಬರೀ ಹಾಲುಸಕ್ಕರೆ.
ಯಾವುದು ಯಾವುದೆಂದು ನುಂಗುವವರಿಗೆ ಗೊತ್ತಿಲ್ಲ,
ಹಂಚುವ ನನಗೂ ಗೊತ್ತಿಲ್ಲ.
ಗೊತ್ತಿರುವ ಕಾಗದ ಮೇಟಿ ಮೇಡಮ್ಮರ ಕಪಾಟಿನಲ್ಲಿ,
ಕಪಾಟಿನ ಕೀಲಿ ಹೈದರಾಬಾದಿನಲ್ಲಿ.

"ಇದಕ್ಕ ಕುರುಡು ಪರೀಕ್ಷೆ ಅಂತಾರ ಚಾಚಾ."
"ಕಣ್ಣಿದ್ದೂ?" ಎಂದು ನಕ್ಕರು ಗೌಸುದ್ದೀನ್,
ಅರ ಉಜ್ಜುವುದನ್ನು ನಿಲ್ಲಿಸದೆ.

ಸತು, ತಾಮ್ರ ಪುಡಿಯಾಗಿ ತೇಲುವ ಕೋಣೆ.
ಎಲ್ಲರೂ ಸೀನುತ್ತಾರೆ.
ನೆಗಡಿಯೋ ಧೂಳೋ ಎಂದು ಗುರುತು ಹಾಕಲು
ನನ್ನ ಫಾರ್ಮಿನಲ್ಲಿ ಚೌಕವಿಲ್ಲ.
ಮೂಗು ಸೋರಿದ್ದು ಎಷ್ಟು ದಿನ?
ಗಂಟಲು ಕೆರೆದದ್ದು?
ಕೆಲಸಕ್ಕೆ ರಜೆ?
"ರಜಾ ಅಂದ್ರೇನ್ರಿ ಅಕ್ಕೋರೆ?"
ಸೊನ್ನೆ ಬರೆದುಕೊಂಡೆ.

ಒಂದು ಸಂಗತಿ ಮೇಡಮ್ಮರಿಗೂ ಹೊಳೆದಿರಲಿಲ್ಲ.
ಕೋಟೆಯೊಳಗೆ ಬಿಸಿಲು ಮಳೆ ಸೋಕದ
ಹಳೆ ಗೋಡೆಯ ಬುಡದಿಂದ
ಚಿಟಿಕೆ ಮಣ್ಣು ತೆಗೆದು ನಾಲಿಗೆಗಿಟ್ಟು
"ಇದು ಆಗ್ತದ. ಇದು ಆಗಂಗಿಲ್ಲ" ಎಂದು
ನಲವತ್ತು ವರ್ಷ ತೀರ್ಪು ಕೊಟ್ಟ ಬಾಯಿ ಅದು.
ಆಗುವ ಮಣ್ಣನ್ನು ನವಸಾಗರದ ಜೊತೆ ಕುದಿಸಿದರೆ
ಹೂಜಿಯ ಮೈಯೆಲ್ಲ ಕಪ್ಪು,
ಬೆಳ್ಳಿಯ ಬಳ್ಳಿಯೊಂದೇ ಬೆಳ್ಳಗೆ.
ಅಂಥ ಬಾಯಿಗೆ ಹೇಳಿದ್ದೆವು:
ಕ್ಯಾಪ್ಸೂಲು ಬಿಚ್ಚಬೇಡಿ, ಸುಮ್ಮನೆ ನುಂಗಿ.

ಮೂರನೆಯ ವಾರ.
"ನಂದು ಖಾಲಿ ಅದ ಅಕ್ಕೋರೆ. ಸಿಹಿ.
ಇಸ್ಮಾಯಿಲಂದು ಹುಳಿ, ಹಲ್ಲು ಝುಮ್ ಅಂತಾವ.
ಕಲ್ಲಪ್ಪಂದೂ ಹುಳಿ.
ಪಾಪ, ಆ ಮೂಲಿಮನಿ ರಾಬಿಯಾಂದು ನನ್ನಂಗೇ."
ಗಲ್ಲಿಯ ಮೂವತ್ತನಾಲ್ಕು ಡಬ್ಬಿ,
ಮೂವತ್ತನಾಲ್ಕು ಚಿಟಿಕೆ.
ಗೋಡೆಯ ಮೇಲೆ ಸೀಮೆಸುಣ್ಣದ ಎರಡು ಸಾಲು.
ಹೈದರಾಬಾದಿನ ಕೀಲಿ
ಬೀದರಿನ ನಾಲಿಗೆಯ ಮೇಲಿತ್ತು.

ಫೋನಿನಲ್ಲಿ ಮೇಡಂ ಬಹಳ ಹೊತ್ತು ಮಾತಾಡಲಿಲ್ಲ.
ಆಮೇಲೆ, "ಅವರ ಲೆಕ್ಕ ಬೇರೆ ಕಟ್ಟಿಡು,
ಎಸೀಬ್ಯಾಡ" ಅಂದರು.

ಅಂದಿನಿಂದ ಇಸ್ಮಾಯಿಲ್ ಸೋರುವ ಮೂಗನ್ನು
ತೋಳಿಗೆ ಒರೆಸಿಕೊಂಡೇ ಹೇಳುತ್ತಿದ್ದ:
"ಹುಳಿ ನನ್ನ ಕಡಿ ಅದ, ನೆಗಡಿ ಹ್ಯಾಂಗ ಬರ್ತದ?"
ರಾಬಿಯಾ ಎರಡು ಸೀನಿಗೇ
ಮೂರು ದಿನ ಬರೆಸುತ್ತಿದ್ದಳು.

ಯುಗಾದಿ ಕಳೆದ ಮೇಲೆ ಕಾಗದ ಬಿಚ್ಚಿದರು.
ಗೋಡೆಯ ಸಾಲಿಗೂ ಕಾಗದಕ್ಕೂ
ಒಂದೇ ಒಂದು ಹೆಸರಿನ ವ್ಯತ್ಯಾಸ.
ಹುಳಿ ನುಂಗಿದವರಿಗೂ ನೆಗಡಿ ಬಂದಿತ್ತು,
ಬಂದಷ್ಟೇ ಸಲ ಬಂದಿತ್ತು,
ಅರ್ಧ ದಿನ ಮೊದಲು ಹೋಗಿತ್ತು ಅಷ್ಟೆ.
ಗೊತ್ತಿದ್ದವರನ್ನು ಬದಿಗಿಟ್ಟು ಮತ್ತೆ ಕೂಡಿಸಿದರೆ
ಆ ಅರ್ಧವೂ ಕಾಲಾಯಿತು.
ಕಾಲು ದಿನ ಎಂದರೆ ಎಷ್ಟು?
ಒಂದು ಹೂಜಿಯ ಕುತ್ತಿಗೆಗೆ ತಂತಿ ಕೂರಿಸುವಷ್ಟು.
ಅದನ್ನು ಇದೆ ಎನ್ನಬೇಕೋ ಇಲ್ಲವೆನ್ನಬೇಕೋ
ಮೇಡಂ ಇನ್ನೂ ಬರೆಯುತ್ತಿದ್ದಾರೆ.

ಗೌಸುದ್ದೀನ್ ಚಾಚಾ ಡಬ್ಬಿ ಮರಳಿಸಿದರು.
ಎಣಿಸಿದೆ. ಒಂದೂ ಉಳಿದಿರಲಿಲ್ಲ.
ಖಾಲಿ ಎಂದು ತಿಳಿದ ಮೇಲೂ ನೂರು ದಿನ,
ದಿನಕ್ಕೆ ಎರಡರಂತೆ.
"ಯಾಕ ಚಾಚಾ?"
"ನುಂಗ್ತೀನಂತ ಸಹಿ ಮಾಡೀನಲ್ಲ."

ಕೊನೆಯ ಕಾಲಮ್ಮು, ಷರಾ.
ಪೆನ್ನು ಹಿಡಿದು ಕೂತೇ ಇದ್ದೆ.
ಅವರು ಪೇರಲಹಣ್ಣು ಕೊಯ್ದು, ಉಪ್ಪು ಸವರಿ
ಒಂದು ಹೋಳು ನನ್ನ ಮುಂದಿಟ್ಟರು:
"ತಿಂದು ಹೇಳ್ರಿ, ಇದು ಕೋಟೆ ಕಡಿದೋ, ಪ್ಯಾಟಿದೋ?"

ಐದು ದಿನದಿಂದ ನನಗೆ ಮೂಗು ಕಟ್ಟಿತ್ತು.
ಅಗಿದೆ, ಇನ್ನೊಂದು ಹೋಳೂ ಅಗಿದೆ.
ಗೊತ್ತಾಗಲಿಲ್ಲ.