ಎರಡು ಪಾಯಿಂಟ್ ಮೂರು

ಬಾಲ್ಖಾಶ್ ಸರೋವರ ಹೆಪ್ಪುಗಟ್ಟಿ ಹತ್ತು ದಿನ.
ಹೆದ್ದಾರಿ ಬದಿಯ ನನ್ನ ಟೈರು ಅಂಗಡಿಗೆ
ಬೆಳಿಗ್ಗೆ ಎಂಟಕ್ಕೆ ಕುಂಟುತ್ತ ಬಂತೊಂದು ಬಿಳಿ ಕಾರು.
ಇಳಿದವರು ಶಾರಿಪಾ ಟೀಚರು,
ಮೂವತ್ತೊಂದು ವರ್ಷ ಭೌತಶಾಸ್ತ್ರ ಕಲಿಸಿದವರು.
ನನಗೂ ಕಲಿಸಿದರು; ನಾನು ಕಲಿಯದೆ ಉಳಿದದ್ದು ಬೇರೆ ಮಾತು.

ಹೊಸ ಕಾರಿಗೆ ಸ್ಟೆಪ್ನಿ ಇಲ್ಲ.
ಸ್ಟೆಪ್ನಿ ಇರಬೇಕಾದ ಗುಂಡಿಯಲ್ಲಿ
ಒಂದು ಡಬ್ಬಿ ನೊರೆ, ಅಂಗೈಯಗಲದ ಪಂಪು,
ಹನ್ನೊಂದು ಭಾಷೆಯಲ್ಲಿ ಹೆದರಿಸುವ ಒಂದು ಹಾಳೆ.

ನಿನ್ನೆ ರಾತ್ರಿ, ಸಾರಿಶಗನ್ ದಾಟಿದ ಮೇಲೆ,
ಮೊಳೆ.
ಸೊನ್ನೆಯ ಕೆಳಗೆ ಇಪ್ಪತ್ತಾರು ಡಿಗ್ರಿ.
ಡಬ್ಬಿಯನ್ನು ಕೋಟಿನೊಳಗೆ ಅವುಚಿ ಬೆಚ್ಚಗೆ ಮಾಡಿ,
ಟಾರ್ಚು ಹಲ್ಲಲ್ಲಿ ಕಚ್ಚಿ,
ಅವರೇ ತುಂಬಿದರಂತೆ. ಕೈ ನಡುಗಲಿಲ್ಲವಂತೆ.
'ಎಂಬತ್ತು ದಾಟಬಾರದು' ಎಂಬ ಹಳದಿ ಚೀಟಿ
ಸ್ಟೀರಿಂಗಿಗೆ ಅಂಟಿಸಿ
ಅರವತ್ತರಲ್ಲಿ ಬಂದರು.

"ನೋಡು ಯೆಸೆಂಗೆಲ್ದಿ, ಪರದೆ ಏನನ್ನುತ್ತೆ?
ಎರಡು ಪಾಯಿಂಟ್ ಮೂರು.
ರಾತ್ರಿಯಿಂದಲೂ ಎರಡು ಪಾಯಿಂಟ್ ಮೂರು.
ಹಾಗಾದರೆ ಕಾರು ಯಾಕೆ ಎಡಕ್ಕೆ ಎಳೆಯುತ್ತೆ?"

ಅಪ್ಪನ ಹಿತ್ತಾಳೆ ಗೇಜು ಒತ್ತಿದೆ.
ಒಂದು ಪಾಯಿಂಟ್ ನಾಲ್ಕು.

ಟೀಚರ ಮುಖ ಕೆಂಪಾಯಿತು.
ಸುಳ್ಳು ಹೇಳುವ ಹುಡುಗನನ್ನು ಸಹಿಸಿಯಾರು,
ಸುಳ್ಳು ಹೇಳುವ ಮಾಪಕವನ್ನಲ್ಲ.

ಗಾಲಿ ಬಿಚ್ಚಿದೆ. ಟೈರಿನ ಅಂಚು ಕಳಚುತ್ತಲೇ
ಮೂಗಿಗೆ ಅಮೋನಿಯಾ, ಕೈಗೆ ಒಡೆದ ಹಾಲಿನಂಥ ಲೋಳೆ.
ಅದರ ನಡುವೆ ಸೆನ್ಸರು:
ಅರ್ಧ ಕಡ್ಡಿಪೆಟ್ಟಿಗೆಯಷ್ಟು ಕಪ್ಪು ಜೀವ,
ಮೈಮೇಲೆ ಸಾಸಿವೆಯಷ್ಟು ತೂತು.
ಆ ತೂತಿನಿಂದಲೇ ಅದು
ಗಾಳಿಯ ಕಷ್ಟಸುಖ ಕೇಳುವುದು.
ನೊರೆಗೇನು ಗೊತ್ತು?
ತೂತು ಕಂಡರೆ ಮುಚ್ಚು ಎಂದು ಕಲಿಸಿ ಕಳಿಸಿದ್ದಾರೆ.
ಮೊಳೆ ತೋಡಿದ್ದೂ ತೂತು,
ಕಿವಿಯೂ ತೂತು.

"ಸುಳ್ಳಲ್ಲ ಟೀಚರ್, ಕಿವಿ ಮುಚ್ಚಿಹೋಗಿದೆ.
ಕೊನೆಗೆ ಕೇಳಿದ್ದನ್ನೇ ಹೇಳ್ತಾ ಕೂತಿದೆ."

ಅವರು ಸ್ಟೂಲಿನ ಮೇಲೆ ಕೂತರು, ಕೈಗವಸು ಕಳಚಿ
ಮತ್ತೆ ಹಾಕಿಕೊಂಡರು.
"ನಮ್ಮತ್ತೆ ಹಾಗೇ ಇದ್ದಳು," ಎಂದರು ಆಮೇಲೆ.
"ಸೋವಿಯತ್ ಮುಗಿದು ಹತ್ತು ವರ್ಷವಾದರೂ
ರೊಟ್ಟಿಯಂಗಡಿಯಲ್ಲಿ ಇಪ್ಪತ್ತು ಕೊಪೆಕ್ ಎಣಿಸಿ
ಚಿಲ್ಲರೆಗೆ ಕಾಯುತ್ತಿದ್ದಳು."

ಬೆಚ್ಚನೆ ನೀರು, ಹಳೆ ಬನಿಯನ್ನಿನ ಚೂರು.
ಸೂಜಿ ತಾಗಿಸುವಂತಿಲ್ಲ, ಒಳಗಿನ ಪೊರೆ ಹರಿದರೆ ಕಥೆ ಮುಗಿಯಿತು.
ಅದ್ದಿ ಒರೆಸಿ, ಅದ್ದಿ ಒರೆಸಿ,
ಉಸಿರು ಬಿಗಿಹಿಡಿದು.
ಟೀಚರು ನನ್ನ ಒಲೆಯಲ್ಲಿ, ನನ್ನನ್ನು ಕೇಳದೆ, ಚಹಾ ಕಾಸಿದರು.

ಒಳಗಿಂದ ತೇಪೆ. ಗಾಳಿ. ಗೇಜು ಹೇಳಿತು:
ಎರಡು ಪಾಯಿಂಟ್ ಮೂರು.
ಪರದೆ ನೋಡಿದೆವು:
ಎರಡು ಪಾಯಿಂಟ್ ಮೂರು.

ನಾನು ಬಿಲ್ಲು ಬರೆಯಲು ಪೆನ್ನು ಹುಡುಕುತ್ತಿದ್ದೆ.
"ತಾಳು," ಎಂದರು.
"ಇದು ಕೇಳಿ ಹೇಳಿದ್ದೋ, ಬಾಯಿಪಾಠವೋ?"

ಐದನೇ ಸಾಲಿನ ಬೆಂಚಿನಲ್ಲಿ ನಿಂತ ಹಾಗಾಯಿತು ನನಗೆ.

"ಸ್ವಲ್ಪ ಗಾಳಿ ಬಿಡು."

ಆಗ ತಾನೇ ತುಂಬಿದ ಗಾಳಿಯನ್ನು ಬಿಟ್ಟೆ,
ಒಂದು ಪಾಯಿಂಟ್ ಒಂಬತ್ತಕ್ಕೆ.
ಗಾಲಿ ನಿಂತಿದ್ದರೆ ಸೆನ್ಸರು ಮಲಗಿರುತ್ತದೆ,
ಉರುಳಿಸಿಯೇ ಎಬ್ಬಿಸಬೇಕು.
ಅಂಗಡಿಗೆ ಬೀಗ ಹಾಕಿ ಅವರ ಪಕ್ಕ ಕೂತೆ.

ನೀರಿನಂಚಿನ ರಸ್ತೆ. ದೂರ ಹಿಮದ ಮೇಲೆ
ಮೀನಿನವರು ತೂತು ಕೊರೆದು, ಬೆನ್ನು ಬಾಗಿಸಿ,
ಕೆಳಗಿನದೇನೋ ಕೇಳುವವರ ಹಾಗೆ ಕೂತಿದ್ದರು.
ಎರಡು ಪಾಯಿಂಟ್ ಮೂರು.
ಟೀಚರು ಗೇರು ಬದಲಿಸಿದರು.
ಎರಡು ಪಾಯಿಂಟ್ ಮೂರು.
ನಾನು ಮನಸ್ಸಲ್ಲೇ ಹೊಸ ಸೆನ್ಸರಿನ ಬೆಲೆ ಹೇಳಿಕೊಂಡೆ,
ಅವರ ಪಿಂಚಣಿಯನ್ನು ಅದರ ಪಕ್ಕ ಇಟ್ಟು ನೋಡಿದೆ.
ಎರಡು ಪಾಯಿಂಟ್

ಒಂದು ಪಾಯಿಂಟ್ ಒಂಬತ್ತು!
ಟಣ್ಣೆಂದು ಹಳದಿ ದೀಪ ಹತ್ತಿತು.
ಆ ದೀಪ ಹತ್ತಿದರೆ ಜನ ಶಾಪ ಹಾಕುವುದನ್ನಷ್ಟೇ ನೋಡಿದ್ದೆ.
ಶಾರಿಪಾ ಟೀಚರು ಸ್ಟೀರಿಂಗು ಬಿಟ್ಟು
ಎರಡೂ ಕೈಯಲ್ಲಿ ಚಪ್ಪಾಳೆ ತಟ್ಟಿದರು.

"ವಾಪಸ್ ಹೋಗಿ ಗಾಳಿ ತುಂಬಬೇಕು ಟೀಚರ್."
"ತುಂಬೋಣ," ಎಂದರು, ದೀಪದಿಂದ ಕಣ್ಣು ತೆಗೆಯದೆ,
"ಇನ್ನೊಂದು ಕಿಲೋಮೀಟರ್."