ಹೂಂಗುಟ್ಟುವವರಿಗೆ

ಶನಿವಾರ, ಸಂಜೆ ಆರೂಕಾಲು, ತಿತಿಮತಿ.
ಕಾಫಿ ಒಣಗಿಸುವ ಕಣದ ಈಶಾನ್ಯ ಮೂಲೆಯಲ್ಲಿ
ಎರಡು ಗೆರೆ ಸಿಗ್ನಲ್ ಸಿಗುವ ಕಲ್ಲೊಂದಿದೆ,
ಅದರ ಮೇಲೆ ಕೂತು ಬರೆಯುತ್ತಿದ್ದೇನೆ, ಮಕ್ಕಳೇ.
(ಮಕ್ಕಳೆಂದರೆ ಮುನಿಯಬೇಡಿ,
ನಿಮ್ಮಲ್ಲಿಬ್ಬರು ನನಗಿಂತ ಹಿರಿಯರು, ಗೊತ್ತು.)

ಗುರುವಾರ ಪಾಠ ನಡುವೆ ಕಡಿದದ್ದಕ್ಕೆ ಕ್ಷಮಿಸಿ.
ಲೈಟು ಕಂಬಕ್ಕೆ ಆನೆ ಬೆನ್ನು ತುರಿಸಿಕೊಂಡಿತು.
ನಾನಾಗ ಕಡಲು ಕಡೆಯುತ್ತಿದ್ದೆ,
ಐರಾವತ ಮೇಲೆ ಬರುವ ಹೊತ್ತು.
ಕರೆಂಟು ಬಂದದ್ದು ಮರುದಿನ ಹನ್ನೊಂದಕ್ಕೆ.
ಪಾಪ, ಸೊಂಡಿಲಷ್ಟೇ ಹೊರಗಿಟ್ಟು
ಹಾಲಿನಲ್ಲಿ ಇನ್ನೂ ನಿಂತಿದೆ ಅದು;
ನಾಳೆ ಪೂರ್ತಿ ಎಬ್ಬಿಸೋಣ.

ನಿಮ್ಮ ಬರಹ ಓದಿದೆ.
ಗವಿಸಿದ್ದಪ್ಪ, ಕಾವೇರಿ ತಳ್ಳಿದ ರಭಸಕ್ಕೆ
ಕೊಡವತಿಯರ ನೆರಿಗೆ ಬೆನ್ನಿಗೆ ಹೋಯಿತೆಂಬ ಮಾತಿಗೆ
'ಆಧಾರವಿಲ್ಲ' ಎಂದು ಅಡಿಗೆರೆ ಎಳೆದಿದ್ದೀರಿ.
ನನ್ನ ಅವ್ವ ನಾಟಿಯ ದಿನ ಹೇಳುತ್ತಿದ್ದಳು:
ಮುಂದೆ ನೆರಿಗೆ ಇದ್ದರೆ ಕೆಸರಾಗುತ್ತದೆ, ಅದಕ್ಕೇ ಹಿಂದೆ.
ಸಂಕ್ರಮಣದ ದಿನ ಅದೇ ಬಾಯಲ್ಲಿ
ನದಿ ತಳ್ಳಿತು ಎನ್ನುತ್ತಿದ್ದಳು.
ಎರಡು ಮಾತೂ ಜಗಳವಾಡಿದ್ದು ನಾನು ಕಾಣೆ.
ಉಟ್ಟ ಸೀರೆ ಒಂದೇ.
ಹತ್ತಕ್ಕೆ ಏಳು ಕೊಟ್ಟಿದ್ದೇನೆ.

ಈಗ ಈ ವಾರದ ವಿಷಯ.
ಕೆರೆಯಾಚೆಯ ಹಾಡಿಗೆ ಹೋಗಿದ್ದೆ,
ಎರವರ ಚೋಮಿಯ ಬಳಿ
ಆನೆಯಾದ ಅಕ್ಕನ ಕಥೆ ಇದೆಯೆಂದು ಕೇಳಿ.
ಬಿದಿರು ಸೀಳುತ್ತಿದ್ದಳು. ನಡುಹಗಲು.
ಫೋನು ಜಗಲಿಯ ಮೇಲಿಟ್ಟೆ, ಕೆಂಪು ಚುಕ್ಕಿ ಮಿನುಗಿತು.
ಹಗಲು ಕಥೆ ಹೇಳಿದರೆ
ಕಾಡಿಗೆ ಹೋದವರು ದಾರಿ ತಪ್ಪುತ್ತಾರೆ, ಅಂದಳು.
ಮಗ ಅರಣ್ಯ ಇಲಾಖೆಯ ವಾಚರ್.
ಇನ್ನೂ ಮನೆಗೆ ಬಂದಿಲ್ಲ.

ಚುಕ್ಕಿ ಆರಿಸಿದೆ. ನಾನೂ ಬಿದಿರು ಸೀಳಿದೆ,
ಬೆರಳು ಕೊಯ್ದುಕೊಂಡೆ, ಸುಮ್ಮನೆ ಕೂತೆ.
ಕತ್ತಲಿಗೆ ಮಗ ಬಂದ, ಬೂಟು ಕಳಚಿದ.
ಆಗ ಕೇಳಿದಳು, ಯಾರಿಗೆ ಬೇಕು ಕಥೆ?
ನಲವತ್ತೊಂದು ಜನಕ್ಕೆ ಅಂದೆ,
ರಾಯಚೂರು, ಬೈಂದೂರು, ದುಬೈಯಲ್ಲಿ ಒಬ್ಬ.
ಹೂಂಗುಟ್ಟುತ್ತಾರಾ?

ಏನು ಹೇಳಲಿ ಮಕ್ಕಳೇ.
ಸದ್ದಾಗುತ್ತದೆಂದು ಪಾಠ ಶುರುವಾಗುವ ಮೊದಲೇ
ನಲವತ್ತೊಂದು ಬಾಯಿಗೂ
ನಾನೇ ಬೀಗ ಹಾಕುತ್ತೇನಲ್ಲ.

ನಕ್ಕಳು. ಹೂಂ ಇಲ್ಲದೆ ಕಥೆ
ಕಾಲೆಲ್ಲಿಡುತ್ತದೆ, ತೋಡಿಗೆ ಸಂಕವಿಲ್ಲದೆ?
ಒಂದು ಹೂಂ, ಒಂದು ಹೆಜ್ಜೆ.
ಹೀಗೆಂದು ಶುರುಮಾಡಿದಳು.

ನಾನು ಹೂಂ ಅಂದೆ, ಅಕ್ಕ ಸೊಪ್ಪಿಗೆ ಹೋದಳು.
ಹೂಂ, ಎಲೆಯೊಂದನ್ನು ತಿಂದಳು.
ಹೂಂ, ಕಿವಿ ಮೊರದಷ್ಟಾಯಿತು.
ಹೂಂ, ಹೂಂ, ತಮ್ಮ ಕರೆಯುತ್ತಾನೆ, ಗದ್ದೆಯಂಚಿಗೆ ಬಂದು
ಅವಳು ನಿಂತಿದ್ದಾಳೆ, ಸೊಂಡಿಲಲ್ಲಿ ಬಳೆ

ಅಷ್ಟರಲ್ಲಿ ನನಗೆ ಜೊಂಪು ಹತ್ತಿತು.
ಹೂಂ ನಿಂತಿತು. ಅವಳೂ ನಿಲ್ಲಿಸಿದಳು.
ಬೆಳಿಗ್ಗೆ ಎಷ್ಟು ಬೇಡಿದರೂ ಒಂದೇ ಮಾತು,
ಹಗಲಾಯಿತು, ಟೀಚರೇ.
ಅಕ್ಕ ಮನೆಯೊಳಗೆ ಬಂದಳೋ ಇಲ್ಲವೋ
ನನಗೂ ಗೊತ್ತಿಲ್ಲ.

ನಾಳೆ ಪಾಠ ಏಳು ಗಂಟೆಗೆ, ಕತ್ತಲಾದ ಮೇಲೆ.
ಯಾರೂ ಬಾಯಿಗೆ ಬೀಗ ಹಾಕಬೇಡಿ.
ಕುಕ್ಕರು ಕೂಗಲಿ, ಮಗು ಅಳಲಿ, ಬಸ್ಸು ಹಾರನ್ ಹೊಡೆಯಲಿ,
ಹಾಲ್ಗಡಲಲ್ಲಿ ನಿಂತದ್ದನ್ನು
ಹೂಂಗುಟ್ಟಿಯೇ ಎಬ್ಬಿಸಬೇಕು.

ಜಲಜಾಕ್ಷಿ, ಇದನ್ನು ಓದಿ ಏನು ಪ್ರಯೋಜನವೆಂದು
ಮಾವ ದಿನಾ ಕೇಳುತ್ತಾರೆಂದು ಬರೆದಿದ್ದಿರಿ.
ನನಗೂ ಸರಿಯಾಗಿ ಗೊತ್ತಿಲ್ಲಮ್ಮ.
ಊಟವಾದ ಮೇಲೆ ಅವರನ್ನೇ ಒಂದು ಕಥೆ ಕೇಳಿ.
ನಡುನಡುವೆ ಹೂಂ ಅನ್ನಿ. ನಿದ್ದೆ ಮಾಡಬೇಡಿ.

ಎಲ್ಲರಿಗೂ ಅದೇ ಮನೆಗೆಲಸ:
ಕಥೆ ಬೇಡ, ಹೇಳಿದವರ ಹೆಸರು ಬರೆಯಿರಿ,
ಆಗ ಅವರ ಕೈ ಏನು ಮಾಡುತ್ತಿತ್ತು,
ಎಲ್ಲಿ ನಿಲ್ಲಿಸಿದರು. ಹೆಸರಿಲ್ಲದಿದ್ದರೆ ಸೊನ್ನೆ.

ಒಂದು ಗೆರೆ ಹೋಯಿತು. ಕತ್ತಲಾಗುತ್ತಿದೆ.
ತೋಟದಂಚಿನಲ್ಲಿ ಏನೋ ಬಿದಿರು ಮುರಿಯುತ್ತಿದೆ,
ನಿಂತು ಕಾಯುತ್ತಿದೆ,
ಮತ್ತೆ ಮುರಿಯುತ್ತಿದೆ.

ಹೂಂ, ಅಂದೆ ಇಲ್ಲಿಂದಲೇ.