ನಲವತ್ತೇಳನೆಯ ಪುಟ

ವೆಂಟ್ಸ್‌ಪಿಲ್ಸ್. ಕಡಲ ಗಾಳಿಗೆ ಮೈದಾನದ ಗೇಟು
ತಾನೇ ತೆರೆದು ತಾನೇ ಬಡಿದುಕೊಳ್ಳುತ್ತದೆ.
ಜಿದ್ರಾಳ ಕೈಯಲ್ಲಿ ತೀರಿಹೋದ ಕೋಚಿನ ಪುಸ್ತಕ:
ಚೌಕುಳಿ ಹಾಳೆ, ಪೆನ್ಸಿಲ್ಲಿನ ಅಕ್ಷರ,
ಒಂದು ಕಡೆ ಬೀಟ್‌ರೂಟ್ ಸಾರಿನ ಕಲೆ.

'ಸೋಮವಾರ ಮರಳುಚೀಲ ಹೊತ್ತು ದಿಬ್ಬ ಹತ್ತು.
ಬುಧವಾರ ಮೂವತ್ತು ಮೀಟರ್, ಆರು ಸಲ.
ಕಾಲು ತಡವಾದದ್ದಕ್ಕೆ ಕೈಯನ್ನು ಬೈಯಬೇಡ.'

ಬೈಯುವುದಿಲ್ಲ ಅವಳು. ಓಡುತ್ತಾಳೆ,
ಅಡ್ಡಹೆಜ್ಜೆ, ಅಡ್ಡಹೆಜ್ಜೆ, ಎಡಗಾಲು ಗೂಟ.
ಭರ್ಜಿ ನಡುಗುತ್ತ ಹೋಗಿ
ಹುಲ್ಲಿಗೆ ಹೊಟ್ಟೆ ಹಚ್ಚಿ ಮಲಗುತ್ತದೆ.
ಐವತ್ತೊಂದು.
ಮತ್ತೆ ಐವತ್ತೊಂದು.

ನಲವತ್ತೇಳನೆಯ ಪುಟದಲ್ಲಿ
ಬರೆದು, ಗೀಟು ಹೊಡೆದು, ಮತ್ತೆ ಬರೆದದ್ದು:
'ಮೊಣಕೈ ಮೊದಲು, ಬೆರಳು ಕೊನೆಗೆ.
ಹುಡುಗಿಗೆ ಇದನ್ನು ಹೇಗೆ ಹೇಳುವುದೋ ತಿಳಿಯದು.
ನಾಳೆ ಕಲ್ಲು ಕೊಟ್ಟು ನೋಡುತ್ತೇನೆ.'

ಭರ್ಜಿಯನ್ನು ಹುಲ್ಲಲ್ಲೇ ಬಿಟ್ಟು
ದಂಡೆಗಿಳಿದಳು,
ಮುಷ್ಟಿಗೆ ಹಿಡಿಸುವ ಕಲ್ಲು ಆರಿಸುತ್ತ.